ದುಡಿಮೆಗೂ ಓಟಕ್ಕೂ ಒಂದೇ ಗಾಡಿಯೆ?

ಹಣವಂತರ ಜಗತ್ತಿನಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳ ಕುರಿತು ಎಂದೂ ಮುಗಿಯದ ಚರ್ಚೆಯೊಂದುಂಟು. ವಾರವಿಡೀ ಕೆಲಸಕ್ಕೆ ಓಡಿಸಿ ರವಿವಾರ ರೇಸ್ ಟ್ರ್ಯಾಕಿಗೂ ಇಳಿಸಬಹುದಾದ ಕಾರು ಬೇಕಿದ್ದರೆ ಯಾವ ತಲೆಮಾರಿನದನ್ನು ಕೊಳ್ಳಬೇಕು? ಹಗುರವಾದ ಮೊದಲನೆಯದನ್ನೋ, ಶಕ್ತಿ ಹೆಚ್ಚಿಸಿಕೊಂಡು ಬಂದ ನಂತರದ್ದನ್ನೋ? ಗೋವಾದ ಕನ್ನಡ ಮನೆಗಳಲ್ಲಿ ಇದೇ ಪ್ರಶ್ನೆ ಎರಡು ಚಕ್ರಗಳ ಮೇಲೆ ಬಂದು ನಿಲ್ಲುತ್ತದೆ. ಇಲ್ಲಿನ ಕನ್ನಡ ಶಾಲೆಯಲ್ಲಿ ಓದಿ, ಐಟಿಐ ಮುಗಿಸಿ, ವೆರ್ಣಾ ಕೈಗಾರಿಕಾ ವಸಾಹತಿನಲ್ಲಿ ಕೆಲಸ ಹಿಡಿದ ಮಗ ಮೊದಲ ಕೆಲವು ತಿಂಗಳ ಸಂಬಳವನ್ನು ಕೂಡಿಟ್ಟು ಹೇಳುತ್ತಾನೆ: ‘ಅಪ್ಪಾ, ಹೊಸ ಗಾಡಿ ಬ್ಯಾಡ. ಒಂದು ಹಳೇ ಆರ್‌ಎಕ್ಸ್ ನೋಡೀನಿ.’ ತಂದೆಗೆ ಆ ಗಾಡಿ ಜುವಾರಿನಗರದಿಂದ ಕಾರ್ಖಾನೆಗೆ ಹೋಗಿ ಬರುವ ಸಾಧನ. ಮಗನಿಗೆ ಅದು ಮುಂದೊಂದು ದಿನ ಚೆನ್ನೈನ ಟ್ರ್ಯಾಕಿನಲ್ಲಿ ಓಡಿಸಬೇಕಾದ ಕುದುರೆ. ಖರ್ಚಾಗುವ ಹಣವೋ ಒಂದೇ.

ಹುಡುಗನ ಆಸೆ ಹುಚ್ಚಾಟವೆಂದು ತಳ್ಳಿಹಾಕುವಂಥದ್ದಲ್ಲ. ನಮ್ಮ ಮೈಸೂರು ಒಂದು ಕಾಲದಲ್ಲಿ ಇಡೀ ದೇಶಕ್ಕೆ ಇಂಥ ಗಾಡಿಗಳನ್ನು ಕಟ್ಟಿಕೊಟ್ಟ ಊರು. ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿಯವರು ಮೈಸೂರಿನ ಯಾದವಗಿರಿಯಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಬೈಕುಗಳು ಹೊರಬರತೊಡಗಿದವು. ವಿನ್ಯಾಸ ಅಂದಿನ ಚೆಕೊಸ್ಲೊವಾಕಿಯಾದ್ದು, ದುಡಿದ ಕೈಗಳು ಮೈಸೂರಿನವು. 1970ರ ದಶಕದಲ್ಲಿ ಅದೇ ಕಾರ್ಖಾನೆ ಯೆಜ್ದಿ ಎಂಬ ಸ್ವಂತ ಹೆಸರನ್ನು ತಳೆಯಿತು. ಆ ಸಾಲಿನಲ್ಲಿ ವೇಗದ ಗೀಳಿನವರಿಗೆ ಅಚ್ಚುಮೆಚ್ಚಾದದ್ದು 1978ರ ರೋಡ್‌ಕಿಂಗ್. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಮೈಸೂರಿನ ಗಾಡಿಗೆ ಎದುರಾಳಿಯಾಗಿ ಬಂದದ್ದು ಉತ್ತರದ ಎಸ್ಕಾರ್ಟ್ಸ್ ಕಂಪನಿ ಯಮಾಹಾ ಸಹಯೋಗದಲ್ಲಿ ತಯಾರಿಸಿದ ಬೈಕುಗಳು. 1983ರ ರಾಜದೂತ್ 350 ಎರಡು ಸಿಲಿಂಡರಿನ, ಆರು ಗಿಯರಿನ ಗಾಡಿ. ಮೊದಲ ಮಾದರಿಯ ಶಕ್ತಿ ಸುಮಾರು 30 ಅಶ್ವಶಕ್ತಿ. ಅಂದಿನ ನಮ್ಮ ರಸ್ತೆಗಳಿಗೆ ಅದು ಅತಿಯೇ ಆಯಿತು. ಪೆಟ್ರೋಲ್ ಕುಡಿಯುತ್ತದೆಂದು ಕೊಳ್ಳುವವರು ಹಿಂಜರಿದರು. ಕಂಪನಿ ಶಕ್ತಿಯನ್ನು ತಗ್ಗಿಸಿ ಇನ್ನೊಂದು ಮಾದರಿ ತಂದರೂ ಅದರ ಮಾರಾಟ ಕುದುರಲಿಲ್ಲ. 1985ರಲ್ಲಿ ಬಂದ ಆರ್‌ಎಕ್ಸ್ 100 ಮಾತ್ರ ದೇಶದ ಮನ ಗೆದ್ದಿತು. 98 ಸಿಸಿ, 11 ಅಶ್ವಶಕ್ತಿ, ತೂಕ ಕೇವಲ 103 ಕಿಲೋ. ಹೊಗೆಯ ನಿಯಮಗಳು ಬಿಗಿಯಾದ 1996ರಲ್ಲಿ ಅದೂ ನಿಂತಿತು. ಅದರ ಪೀಳಿಗೆಯಲ್ಲಿ 132 ಸಿಸಿಯ ಆರ್‌ಎಕ್ಸ್-ಜಿ, ನಾಲ್ಕು ಗಿಯರಿನ ಹಾಗೂ ಐದು ಗಿಯರಿನ ಆರ್‌ಎಕ್ಸ್ 135, ಆರ್‌ಎಕ್ಸ್-ಝಡ್ ಬಂದುಹೋದವು. ಮಾಪುಸಾ, ಮಡಗಾಂವ್‌ಗಳ ಗ್ಯಾರೇಜುಗಳಲ್ಲಿಯೂ ಹುಬ್ಬಳ್ಳಿ-ಬೆಳಗಾವಿಯ ದಲ್ಲಾಳಿಗಳ ಬಳಿಯಲ್ಲಿಯೂ ಇಂದು ನಮ್ಮ ಹುಡುಗರ ಮುಂದೆ ನಿಲ್ಲುವ ಆಯ್ಕೆಗಳು ಹೆಚ್ಚುಕಡಿಮೆ ಇವೇ.

ಇವೆಲ್ಲವೂ ಟೂ-ಸ್ಟ್ರೋಕ್ ಗಾಡಿಗಳು. ಈ ಒಂದು ಮಾತಿನ ಅರ್ಥವನ್ನು ಪಾಲಕರು ಚೆನ್ನಾಗಿ ತಿಳಿದಿರಬೇಕು. ಇಂದಿನ ಬೈಕುಗಳ ಇಂಜಿನ್ನಿನ ತಳದಲ್ಲಿ ಆಯಿಲ್ ಸದಾ ತುಂಬಿರುತ್ತದೆ. ಟೂ-ಸ್ಟ್ರೋಕ್ ಇಂಜಿನ್ನಿನ ಪಿಸ್ಟನ್ನಿಗೆ ಹಾಗಿಲ್ಲ. ಪೆಟ್ರೋಲಿನ ಜೊತೆಗೆ ಒಳನುಗ್ಗುವ ಆಯಿಲ್ಲೇ ಅದಕ್ಕೆ ಜೀವ. ಜಾವಾ, ಯೆಜ್ದಿಗಳಲ್ಲಿ ಆಯಿಲನ್ನು ಟ್ಯಾಂಕಿನ ಪೆಟ್ರೋಲಿಗೇ ಅಳೆದು ಬೆರೆಸಬೇಕು. ಯಮಾಹಾಗಳಲ್ಲಿ ಪ್ರತ್ಯೇಕ ಆಯಿಲ್ ಟ್ಯಾಂಕು, ಅದಕ್ಕೊಂದು ಚಿಕ್ಕ ಪಂಪು.

ಈಗ ಅನಮೋಡ ಘಾಟನ್ನೋ ಚೋರ್ಲಾ ಘಾಟನ್ನೋ ನೆನೆಯಿರಿ. ಊರಿನಿಂದ ಮರಳುವಾಗ ನಮ್ಮವರೆಲ್ಲ ಇಳಿಯುವ ದಾರಿಗಳವು. ಎಕ್ಸಿಲರೇಟರನ್ನು ಪೂರ್ತಿ ಬಿಟ್ಟು, ಗಿಯರಿನಲ್ಲಿಯೇ ಮೈಲುಗಟ್ಟಲೆ ಇಳಿದರೆ ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಮಾತ್ರ ಹೋಗುತ್ತಿರುವುದಿಲ್ಲ. ಆಯಿಲನ್ನು ಪೆಟ್ರೋಲಿಗೇ ಬೆರೆಸುವ ಗಾಡಿಯಲ್ಲಿ ಪೆಟ್ರೋಲ್ ನಿಂತರೆ ಆಯಿಲೂ ನಿಂತಂತೆ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಹಿಂದಿನ ಚಕ್ರ ಒಮ್ಮೆಲೇ ಬಿಗಿದು ನಿಲ್ಲುವುದು ಇಂಥಲ್ಲಿಯೇ. ಮೆಕಾನಿಕರು ‘ಸೀಜ್’ ಎನ್ನುವುದು ಇದನ್ನೇ. ಹಳೆಯ ಯೆಜ್ದಿ ಸವಾರರು ಇಳಿಜಾರಿನಲ್ಲಿ ಆಗಾಗ ಎಕ್ಸಿಲರೇಟರನ್ನು ಒಂದಿಷ್ಟು ತಿರುವುತ್ತ ಬರುತ್ತಿದ್ದದ್ದು ಶೋಕಿಗಲ್ಲ. ಇನ್ನೊಂದು ತೊಡಕು ಬ್ರೇಕಿನದು. ಇಳಿಜಾರಿನಲ್ಲಿ ಗಾಡಿಯನ್ನು ಇಂಜಿನ್ ಹಿಡಿದು ನಿಲ್ಲಿಸುವ ಗುಣ ಟೂ-ಸ್ಟ್ರೋಕಿನಲ್ಲಿ ಕಡಿಮೆ. ಭಾರವೆಲ್ಲ ಡ್ರಮ್ ಬ್ರೇಕಿನ ಮೇಲೆ ಬೀಳುತ್ತದೆ, ಡ್ರಮ್ ಕಾದಂತೆ ಹಿಡಿತ ಸಡಿಲಾಗುತ್ತದೆ.

ಗೋವಾದ ಹವೆ ತನ್ನದೇ ಬೇಡಿಕೆ ಇಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಕೆಂಪು ಜಂಬಿಟ್ಟಿಗೆಯ ರಾಡಿ, ವಾಸ್ಕೋ, ಬಾಯ್ಣಾ, ಸಡಾಗಳ ಉಪ್ಪುಗಾಳಿ. ಇಲ್ಲಿ ನನ್ನ ಮತ ಮೈಸೂರಿನ ಗಾಡಿಯ ಕಡೆಗೆ ವಾಲುತ್ತದೆ. ಜಾವಾ, ಯೆಜ್ದಿಗಳ ಚೈನು ಪೂರ್ತಿ ಮುಚ್ಚಿದ ಕವಚದೊಳಗೆ ಓಡುತ್ತದೆ. ಕೆಸರು ಒಳಹೋಗದ ಕಾರಣ ಚೈನು ಬಹುಕಾಲ ಬಾಳುತ್ತದೆ. ಕಿಕ್ ಹೊಡೆದ ದಂಡವನ್ನೇ ಮುಂದಕ್ಕೆ ಮಗುಚಿದರೆ ಗಿಯರಿನ ದಂಡವಾಗುತ್ತದೆ. ಗಿಯರ್ ಒತ್ತಿದಾಗ ಕ್ಲಚ್ ತಾನಾಗಿ ಬಿಡುತ್ತದೆ. ಅರವತ್ತರ ದಶಕದ ಈ ಜಾಣತನವನ್ನು ಕಂಡು ಇಂದಿನ ಹುಡುಗರು ಬೆರಗಾಗುವುದುಂಟು. ಆದರೆ ಅದರ ವಿದ್ಯುತ್ ವ್ಯವಸ್ಥೆ ಹಳೆಯ ಆರು ವೋಲ್ಟಿನದಾಗಿದ್ದರೆ ದೀಪ ಮಂದ. ಮಳೆಗಾಲದ ರಾತ್ರಿಪಾಳಿ ಮುಗಿಸಿ ಕೊರ್ಟಾಲಿಂ ದಾರಿಯಲ್ಲಿ ಬರುವವನಿಗೆ ಅದು ಸಣ್ಣ ಕೊರತೆಯಲ್ಲ.

ಪೆಟ್ರೋಲೂ ಬದಲಾಗಿದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರ್ ಕೊಳವೆಗಳನ್ನು ಕೆಡಿಸುತ್ತದೆ. ಹಳೆಯ ಗಾಡಿ ಕೊಂಡೊಡನೆ ಪೆಟ್ರೋಲ್ ಕೊಳವೆ, ಕಾರ್ಬ್ಯುರೇಟರಿನ ರಬ್ಬರುಗಳನ್ನೆಲ್ಲ ಬದಲಿಸುವುದೇ ಒಳಿತು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಇಟ್ಟು ಗಾಡಿ ನಿಲ್ಲಿಸುವುದಂತೂ ಕೂಡದು.

ಇನ್ನು ಓಟದ ಮಾತು. ಗೋವಾದಲ್ಲಿ ಬೈಕುಗಳಿಗೆಂದೇ ಇರುವ ಕಾಯಂ ರೇಸ್ ಟ್ರ್ಯಾಕ್ ಇಲ್ಲ. ನಮ್ಮ ಹುಡುಗರು ಹೋಗಬೇಕಾದದ್ದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ, ಇಲ್ಲವೇ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಗೆ. ಇರುಂಗಾಟ್ಟುಕೋಟ್ಟೈಯ ಟ್ರ್ಯಾಕು 3.7 ಕಿಲೋಮೀಟರ್ ಉದ್ದವಿದ್ದು 1990ರ ಸುಮಾರಿಗೆ ಸಿದ್ಧವಾಯಿತು. ಅದಕ್ಕೆ ಮುಂಚೆ ದಕ್ಷಿಣದ ಓಟಗಾರರಿಗೆಲ್ಲ ಷೋಳಾವರಂ ಒಂದೇ ಗತಿ. ಎರಡನೆಯ ಮಹಾಯುದ್ಧ ಕಾಲದ ವಿಮಾನಪಟ್ಟಿಯದು.

ಟ್ರ್ಯಾಕು ಗಾಡಿಯಿಂದ ಕೇಳುವುದೇ ಬೇರೆ. ನಗರದಲ್ಲಿ ಎಕ್ಸಿಲರೇಟರ್ ಪೂರ್ತಿ ತೆರೆಯುವುದು ಅಪರೂಪ. ಟ್ರ್ಯಾಕಿನಲ್ಲಿ ಪ್ರತಿ ಸುತ್ತಿನ ಬಹುಪಾಲು ಅದು ತೆರೆದೇ ಇರುತ್ತದೆ. ಪ್ರತಿ ತಿರುವಿಗೂ ಬ್ರೇಕನ್ನು ಗಟ್ಟಿಯಾಗಿ ಹಿಡಿಯಬೇಕು. ಆರ್‌ಎಕ್ಸ್ 100ರ ಡ್ರಮ್ ಬ್ರೇಕು ಕೆಲವೇ ಸುತ್ತುಗಳಲ್ಲಿ ದಣಿಯುತ್ತದೆ. ರಾಜದೂತ್ 350ರ ಕಥೆ ಇನ್ನೂ ಕಠಿಣ: ಜಪಾನಿನ ಮೂಲ ಗಾಡಿಗಿದ್ದ ಮುಂದಿನ ಡಿಸ್ಕನ್ನು ಇಲ್ಲಿ ತೆಗೆದು ಡ್ರಮ್ ಹಾಕಿದ್ದರು. ಅಷ್ಟು ವೇಗಕ್ಕೆ ಅಷ್ಟೇ ಬ್ರೇಕು! ಆ ಗಾಡಿಗೆ ಸವಾರರ ನಡುವೆ ಕೆಟ್ಟ ಹೆಸರು ಬಂದದ್ದರಲ್ಲಿ ಅಚ್ಚರಿಯಿಲ್ಲ.

ಶಕ್ತಿ ಸಾಲದೆಂದು ಅನಿಸಿದೊಡನೆ ಹುಡುಗರು ಗಾಡಿಯನ್ನು ‘ಟ್ಯೂನ್’ ಮಾಡಿಸಲು ಹೊರಡುತ್ತಾರೆ. ಆಯ್ಕೆಯ ಗುಟ್ಟೆಲ್ಲ ಇಲ್ಲಿಯೇ ಇದೆ. ಟೂ-ಸ್ಟ್ರೋಕ್ ಸಿಲಿಂಡರಿನ ಗೋಡೆಯಲ್ಲಿ ‘ಪೋರ್ಟ್’ ಎಂಬ ಕಿಂಡಿಗಳಿರುತ್ತವೆ. ಮಿಶ್ರಣ ಒಳಬರುವುದೂ ಹೊಗೆ ಹೊರಹೋಗುವುದೂ ಅವುಗಳ ಮೂಲಕ. ಅವನ್ನು ಕೊರೆದು ಎತ್ತರಿಸಿದರೆ ಇಂಜಿನ್ ಜೋರಾಗಿ ತಿರುಗುವಾಗ ಶಕ್ತಿ ಏರುತ್ತದೆ, ನಿಧಾನವಾಗಿ ತಿರುಗುವಾಗ ಕುಸಿಯುತ್ತದೆ. ಟ್ರ್ಯಾಕಿಗೆ ಅದು ಲಾಭ. ವಾಸ್ಕೋ ಪೇಟೆಯ ಸಂದಣಿಯಲ್ಲಿ ಹಿಂದೆ ತಾಯಿಯನ್ನು ಕೂರಿಸಿಕೊಂಡು ಎರಡನೆಯ ಗಿಯರಿನಲ್ಲಿ ತೆವಳುವಾಗ ಅದು ಶಾಪ: ಗಾಡಿ ಮುಗ್ಗರಿಸುತ್ತದೆ, ಪ್ಲಗ್ಗಿಗೆ ಮಸಿ ಕಟ್ಟುತ್ತದೆ, ಪೆಟ್ರೋಲ್ ಮುಗಿಯುತ್ತದೆ. ಕೊರೆದ ಲೋಹ ಮರಳಿ ಬೆಳೆಯುವುದಿಲ್ಲ. ಬೇರೆ ಸಿಲಿಂಡರನ್ನೇ ಹುಡುಕಬೇಕು. ಉತ್ಪಾದನೆ ನಿಂತು ಎಷ್ಟೋ ವರ್ಷಗಳಾದ ಗಾಡಿಗೆ ಕಂಪನಿಯ ಅಸಲಿ ಸಿಲಿಂಡರ್ ಸಿಗುವುದು ಕಷ್ಟ, ಸಿಕ್ಕರೆ ದುಬಾರಿ. ರಸ್ತೆಯ ಗಾಡಿಯನ್ನು ಒಂದು ದಿನದ ಮಟ್ಟಿಗೆ ಟ್ರ್ಯಾಕಿಗೆ ಒಗ್ಗಿಸಬಹುದು, ಟ್ರ್ಯಾಕಿಗೆಂದು ಕೊರೆದ ಗಾಡಿಯನ್ನು ರಸ್ತೆಗೆ ಹಿಂದಿರುಗಿಸುವುದು ಬಹಳ ಕಷ್ಟ. ಆದ್ದರಿಂದ ಹಳೆಯ ಗಾಡಿಯ ಮುಂದೆ ನಿಂತಾಗ ಕೇಳಬೇಕಾದ ಮೊದಲ ಪ್ರಶ್ನೆ ಯಾವ ವರ್ಷದ್ದೆಂಬುದಲ್ಲ, ಹಿಂದಿನ ಒಡೆಯರು ಸಿಲಿಂಡರನ್ನು ಎಷ್ಟು ಕೊರೆಸಿದ್ದಾರೆಂಬುದು.

ಸೈಲೆನ್ಸರಿನ ಒಳಗೊಳವೆಯನ್ನು ತೆಗೆಸಿ ಓಣಿಗೆಲ್ಲ ಕೇಳುವಂತೆ ಸದ್ದು ಮಾಡುವವರಿಗೆ ಒಂದು ಮಾತು. ಟೂ-ಸ್ಟ್ರೋಕಿನ ಸೈಲೆನ್ಸರ್ ಬರಿಯ ಸದ್ದಡಗಿಸುವ ಡಬ್ಬಿಯಲ್ಲ. ಅದರೊಳಗಿಂದ ಹಿಂದಿರುಗುವ ಒತ್ತಡದ ಅಲೆ, ಸುಡದೆ ಹೊರಹೋಗುತ್ತಿರುವ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ದೂಡುತ್ತದೆ. ಅದರ ಅಳತೆ ಕೆಡಿಸಿದರೆ ಸದ್ದು ಹೆಚ್ಚಿ ಎಳೆತ ತಗ್ಗಬಹುದು. ದಂಡವೂ ಬೀಳಬಹುದು.

ಹಾಗಾದರೆ ಯಾವ ತಲೆಮಾರು? ಆರ್‌ಎಕ್ಸ್ 100ರ ಕೀರ್ತಿಗೆ ಇಂದು ಲಕ್ಷ ರೂಪಾಯಿ ದಾಟಿದ ಬೆಲೆ ಕೇಳುವವರಿದ್ದಾರೆ. ‘ಇದು ಜಪಾನ್ ಇಂಜಿನ್’ ಎಂದು ಇನ್ನಷ್ಟು ಏರಿಸುವವರೂ ಇದ್ದಾರೆ. ನಲವತ್ತು ವರ್ಷ ತಿರುಗಿದ ಕ್ರ್ಯಾಂಕ್ ಬೇರಿಂಗಿಗೆ ತನ್ನ ಹುಟ್ಟೂರಿನ ನೆನಪಿರುವುದಿಲ್ಲ. ಕೈಯಲ್ಲಿ ಒಂದೇ ಗಾಡಿಗಾಗುವಷ್ಟು ಹಣವಿದ್ದರೆ, ಕೊರೆಯದ ಸಿಲಿಂಡರಿನ ಐದು ಗಿಯರಿನ ಆರ್‌ಎಕ್ಸ್ 135 ಮೇಲೆಂದು ನನ್ನ ಎಣಿಕೆ. ವಯಸ್ಸಿನಲ್ಲಿ ಕಿರಿಯದು, ಹೆದ್ದಾರಿಯಲ್ಲಿ ಇಂಜಿನ್ನಿಗೆ ದಣಿವು ಕಡಿಮೆ, ಟ್ರ್ಯಾಕಿನಲ್ಲಿ ಐದನೆಯ ಗಿಯರ್ ಉಪಯೋಗಕ್ಕೆ ಬರುತ್ತದೆ. ಹೆಸರಿನ ಮೋಹಕ್ಕೆ ಕೊಡುವ ಹೆಚ್ಚುವರಿ ಹಣವನ್ನು ಹೆಲ್ಮೆಟ್ಟಿಗೆ, ಹೊಸ ಟಯರುಗಳಿಗೆ, ಬ್ರೇಕ್ ಲೈನರಿಗೆ ಹಾಕಬಹುದು. ರೋಡ್‌ಕಿಂಗ್ ದಿನದ ದುಡಿಮೆಗೆ ಯೋಗ್ಯ, ಆದರೆ ಅದನ್ನು ಬಲ್ಲ ಮೇಸ್ತ್ರಿ ಹತ್ತಿರದಲ್ಲಿರಬೇಕು. ಅರವತ್ತರ ದಶಕದ ಜಾವಾ ನೋಡುವುದಕ್ಕೆ ಚೆಂದ. ರಾಜದೂತ್ 350 ಇಪ್ಪತ್ತರ ಹುಡುಗನ ಮೊದಲ ಗಾಡಿಯಾಗಬಾರದು. ಟ್ರ್ಯಾಕಿನ ಹಂಬಲ ನಿಜವಾದದ್ದಾದರೆ, ತರಬೇತಿ ಶಾಲೆಯವರೇ ಗಾಡಿಯನ್ನೂ ಉಡುಪನ್ನೂ ಕೊಡುವಂಥ ಕಡೆ ಒಂದು ದಿನದ ಶುಲ್ಕ ಕಟ್ಟಿ ಕಲಿಯುವುದು, ಇಂಜಿನ್ ಕೊರೆಸುವುದಕ್ಕಿಂತ ಅಗ್ಗ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ರ‍್ಯಾಲಿಗಳ ವಿಶ್ವಕಪ್‌ನಲ್ಲಿ ಮಹಿಳಾ ಪ್ರಶಸ್ತಿ ಗೆದ್ದವರು. ಈ ಹಂಬಲ ಹೆಣ್ಣುಮಕ್ಕಳದೂ ಆಗಿರಬಹುದೆಂಬುದನ್ನು ಪಾಲಕರು ಮರೆಯಬಾರದು.

ಟ್ರ್ಯಾಕ್ ದೂರವೆಂದು ಬೆಳಗಿನ ಜಾವ ಹೆದ್ದಾರಿಯಲ್ಲಿ ಪಣ ಕಟ್ಟುವ ಚಾಳಿಯಿದೆಯಲ್ಲ, ಅದರ ಬೆಲೆ ಬೇರೆ. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ನಡೆಸಿದರೆ ಮೋಟಾರು ವಾಹನ ಕಾಯ್ದೆಯ 189ನೆಯ ಕಲಮಿನಡಿ ಮೊದಲ ಸಲ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ. ನಮ್ಮ ವಾಹನ ವಿಮೆಗಳಲ್ಲಿಯೂ ಪಂದ್ಯಕ್ಕೆ ಬಳಸಿದ ಗಾಡಿಗೆ ರಕ್ಷಣೆಯಿರುವುದಿಲ್ಲ. ಹತ್ತನೆಯ ತರಗತಿಯ ತಮ್ಮ ಅಣ್ಣನ ಗಾಡಿಯ ಕೀಲಿ ಎತ್ತಿಕೊಂಡು ಹೊರಟರೆ ಹೊಣೆ ಪಾಲಕರ ತಲೆಗೇ ಬರುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಮಿನಂತೆ ಪಾಲಕರಿಗೋ ಗಾಡಿಯ ಒಡೆಯರಿಗೋ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸನ್ಸ್ ಇಲ್ಲ. ಲೈಸನ್ಸ್ ಇಲ್ಲದವನಿಗೆ ಚಾಲಕನ ನೌಕರಿ ಎಲ್ಲಿಯದು?

ಕಾಗದಪತ್ರಗಳನ್ನು ಇಂಜಿನ್ನಿಗಿಂತ ಮೊದಲು ನೋಡಬೇಕು. ಊರಿನಲ್ಲಿ ಅಗ್ಗವಾಗಿ ಸಿಕ್ಕಿತೆಂದು ಬಾಗಲಕೋಟೆಯ ಕೆಎ-29, ಗದಗಿನ ಕೆಎ-26 ಸಂಖ್ಯೆಯ ಗಾಡಿಗಳನ್ನು ಇಲ್ಲಿಗೆ ತರುವವರು ಬಹಳ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಯೇ ಇಟ್ಟುಕೊಳ್ಳುವುದಾದರೆ ಗೋವಾದ ಸಂಖ್ಯೆ ಪಡೆಯಲೇಬೇಕು. ಅದಕ್ಕೆ ಮೂಲ ಆರ್‌ಟಿಒ ಕಚೇರಿಯ ಎನ್‌ಒಸಿ ಬೇಕು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಬೈಕಿಗೆ 300 ರೂಪಾಯಿಯಿದ್ದ ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 1,000ಕ್ಕೆ ಏರಿತ್ತು. ತಡವಾದರೆ ದಂಡ ಬೇರೆ. ಇಲ್ಲಿಯ ತೆರಿಗೆಯ ಲೆಕ್ಕವೂ ಸೇರುತ್ತದೆ. ಆರ್‌ಸಿಯಲ್ಲಿನ ಚಾಸಿ ಸಂಖ್ಯೆ, ಇಂಜಿನ್ ಸಂಖ್ಯೆಗಳನ್ನು ಗಾಡಿಯ ಮೇಲಿನವುಗಳೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ಬಿಡಿಭಾಗಗಳನ್ನು ಕೂಡಿಸಿ ಕಟ್ಟಿದ ಆರ್‌ಎಕ್ಸ್‌ಗಳು ಪೇಟೆಯಲ್ಲಿವೆ. ಅಂಥದ್ದನ್ನು ಕೊಂಡವನಿಗೆ ಎನ್‌ಒಸಿ ಸಿಗುವುದಿಲ್ಲ, ಕೊಟ್ಟ ಹಣ ಮರಳುವುದಿಲ್ಲ.

ಕಾಗದಗಳು ಸರಿಯಿದ್ದರೆ ನಂಬಿಕೆಯ ಮೇಸ್ತ್ರಿಯೊಬ್ಬರನ್ನು ಕರೆದೊಯ್ದು ಸಿಲಿಂಡರ್ ಬಿಚ್ಚಿಸಲು ಮಾರುವವರ ಒಪ್ಪಿಗೆ ಕೇಳಿ. ಪಿಸ್ಟನ್ನಿನ ತಲೆಯ ಮೇಲೆ ಅದರ ಅಳತೆ ಕೊರೆದಿರುತ್ತದೆ: 25, 50, 75, 100. ಎಷ್ಟು ಸಲ ಬೋರ್ ಮಾಡಿಸಿದ್ದಾರೆ, ಇನ್ನೆಷ್ಟು ಸಲಕ್ಕೆ ಲೋಹ ಉಳಿದಿದೆ ಎಂಬುದು ಆ ಅಂಕಿಯಿಂದ ತಿಳಿಯುತ್ತದೆ. ಪೋರ್ಟಿನ ಅಂಚುಗಳಲ್ಲಿ ಕೊರೆದ ಗೀರುಗಳಿವೆಯೇ ನೋಡಿ. ಯಮಾಹಾ ಆಗಿದ್ದರೆ ಆಯಿಲ್ ಪಂಪು ಜಾಗದಲ್ಲಿದೆಯೇ ಎಂದೂ ನೋಡಿ. ಓಟದ ಹುಚ್ಚಿನವರು ಅದನ್ನು ಕಿತ್ತು ಪೆಟ್ರೋಲಿಗೇ ಆಯಿಲ್ ಬೆರೆಸುತ್ತಿರುತ್ತಾರೆ, ಅದನ್ನರಿಯದೆ ಬರಿಯ ಪೆಟ್ರೋಲ್ ಹಾಕಿ ಹೊರಟರೆ ಇಂಜಿನ್ ಮನೆ ತಲುಪುವ ಮೊದಲೇ ಕಚ್ಚಿಕೊಳ್ಳಬಹುದು. ಮಾರುವವರು ಬಿಚ್ಚಲು ಒಪ್ಪದಿದ್ದರೆ ಮುಂದಿನ ಗಾಡಿಯನ್ನು ನೋಡುವುದು ಲೇಸು.