ಮರಳು ಸೋರಿಸಿ ಬೆಸೆದ ಗೋಪುರ

ಒಬ್ಬ ಕುಲುಮೆಯಲ್ಲಿ ರಿವೆಟ್ ಕಾಯಿಸುತ್ತಾನೆ. ಕೆಂಪಗೆ ಕಾದ ಅದನ್ನು ಇನ್ನೊಬ್ಬ ತೂತಿಗೆ ತೂರಿಸಿ ಹಿಡಿಯುತ್ತಾನೆ. ಮೂರನೆಯವನು ಆಚೆ ತುದಿಗೆ ತಲೆ ಮೂಡಿಸುತ್ತಾನೆ, ನಾಲ್ಕನೆಯವನು ಸಮ್ಮಟಿಗೆ ಎತ್ತಿ ಬಡಿಯುತ್ತಾನೆ. ಆರುತ್ತಾ ಆರುತ್ತಾ ರಿವೆಟ್ ಕುಗ್ಗಿ ಎರಡು ಕಬ್ಬಿಣದ ಪಟ್ಟಿಗಳನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಪ್ಯಾರಿಸ್ಸಿನ ಐಫೆಲ್ ಗೋಪುರದಲ್ಲಿ ಇಂಥ ರಿವೆಟ್‌ಗಳು ಸುಮಾರು 25 ಲಕ್ಷ.

ಫ್ರೆಂಚ್ ಕ್ರಾಂತಿಗೆ ನೂರು ತುಂಬುವ 1889ರ ವಿಶ್ವ ಪ್ರದರ್ಶನಕ್ಕೆಂದು ಕಟ್ಟಿದ್ದು ಇದು. ಹೆಸರು ಗುಸ್ತಾವ್ ಐಫೆಲ್ ಅವರದು. ಆದರೆ 1884ರಲ್ಲಿ ಮೊದಲ ಚಿತ್ರ ಬರೆದವರು ಅವರ ಕಂಪನಿಯ ಎಂಜಿನಿಯರ್ ಮೋರಿಸ್ ಕೇಕ್ಲಾಂ. ಜೊತೆಗೆ ಯೋಚಿಸಿದವರು ಸಹೋದ್ಯೋಗಿ ಎಮಿಲ್ ನೂಗಿಯೆ. ಬುಡದ ಚೆಂದದ ಕಮಾನುಗಳು ವಾಸ್ತುಶಿಲ್ಪಿ ಸ್ಟೀಫನ್ ಸೊವೆಸ್ತ್ರ್ ಕೊಡುಗೆ. ಈ ಮೂವರ ಹೆಸರು ಗೋಪುರದಷ್ಟೇ ಪರಿಚಿತವಾಗಬೇಕಿತ್ತು ಎಂದು ನನಗನ್ನಿಸುತ್ತದೆ.

ಗೋಪುರದ ಬಿಡಿಭಾಗಗಳು 18,038. ಎಲ್ಲವೂ ಪ್ಯಾರಿಸ್ಸಿನ ಅಂಚಿನ ಲೆವಲ್ವಾ-ಪೆರೆಯ ಕಾರ್ಖಾನೆಯಲ್ಲಿ ತಯಾರಾದವು. ಪ್ರತಿ ತೂತಿನ ಜಾಗವನ್ನೂ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ನಿಖರವಾಗಿ ಲೆಕ್ಕ ಹಾಕಿದ್ದರು. ಕಟ್ಟುವ ಜಾಗದಲ್ಲಿ ಯಾವುದಾದರೂ ತುಂಡು ಹೊಂದದಿದ್ದರೆ ಅಲ್ಲೇ ಉಜ್ಜಿ ಸರಿಮಾಡುವ ಮಾತಿಲ್ಲ, ಮರಳಿ ಕಾರ್ಖಾನೆಗೇ.

ನನ್ನನ್ನು ಮತ್ತೆ ಮತ್ತೆ ಬೆರಗುಗೊಳಿಸುವುದು ಮರಳಿನ ಉಪಾಯ. ನಾಲ್ಕು ಕಾಲುಗಳೂ ಒಳಕ್ಕೆ ವಾಲಿಕೊಂಡೇ ಏಳುತ್ತವೆ. ಮೊದಲ ಅಂತಸ್ತಿನ ತೊಲೆಗಳು ಅವನ್ನು ಸೇರಿಸಿ ಹಿಡಿಯುವವರೆಗೆ ಮರದ ಅಟ್ಟಣಿಗೆಗಳೇ ಆಸರೆ. ಅಷ್ಟು ಎತ್ತರದಲ್ಲಿ ಸಾವಿರಾರು ಮಣ ಕಬ್ಬಿಣವನ್ನು ಕೂದಲೆಳೆಯಷ್ಟು ಸರಿಸಿ ತೂತಿಗೆ ತೂತು ಹೊಂದಿಸುವುದು ಹೇಗೆ? ಕಾಲುಗಳನ್ನು ಬೇಕೆಂದೇ ತುಸು ಮೇಲಕ್ಕೆ ನಿಲ್ಲಿಸಿದರು. ಅಟ್ಟಣಿಗೆಯ ಮೇಲೆ, ಅವುಗಳ ಅಡಿಗೆ, ಮರಳು ತುಂಬಿದ ಪೆಟ್ಟಿಗೆಗಳಿದ್ದವು. ಮರಳನ್ನು ಸ್ವಲ್ಪಸ್ವಲ್ಪವೇ ಸೋರಿಬಿಟ್ಟರೆ ಕಾಲು ಅಷ್ಟಷ್ಟೇ ಇಳಿಯುತ್ತಿತ್ತು. ಎತ್ತಬೇಕೆಂದರೆ ಬುಡದಲ್ಲಿ ನೀರಿನೊತ್ತಡದ ಜಾಕ್‌ಗಳು. 1887ರ ಡಿಸೆಂಬರ್‌ನಲ್ಲಿ ನಾಲ್ಕೂ ಕಾಲುಗಳು ಒಂದಾದವು. ಆಮೇಲಿನದು ಎತ್ತರಕ್ಕೆ ಏರುವ ಕೆಲಸ ಮಾತ್ರ. ಕಾಮಗಾರಿ ಶುರುವಾಗಿ ಎರಡು ವರ್ಷ, ಎರಡು ತಿಂಗಳು, ಐದು ದಿನಕ್ಕೆ, 1889ರ ಮಾರ್ಚ್ 31ರಂದು ಐಫೆಲ್ ತುದಿಯಲ್ಲಿ ಬಾವುಟ ಹಾರಿಸಿದರು.

ಅಷ್ಟರಲ್ಲಿ ಬೈಗುಳವೂ ಬಿದ್ದಿತ್ತು. ಮೊಪಾಸಾ ಸೇರಿದಂತೆ ಹಲವು ಕಲಾವಿದರು, ಲೇಖಕರು 1887ರಲ್ಲೇ ಪತ್ರಿಕೆಯಲ್ಲಿ ಪ್ರತಿಭಟಿಸಿದ್ದರು. ಗೋಪುರಕ್ಕೆ ಸಿಕ್ಕ ಅನುಮತಿಯೂ ಇಪ್ಪತ್ತೇ ವರ್ಷದ್ದು. ತುದಿಗೆ ಕಟ್ಟಿದ ನಿಸ್ತಂತು ತಂತಿಗಳು ಸೈನ್ಯದ ಸಂದೇಶಕ್ಕೆ ಒದಗಿದ್ದರಿಂದ ಅದು ಉಳಿಯಿತು.

ಕಬ್ಬಿಣಕ್ಕೆ ತುಕ್ಕೇ ಶತ್ರು. ಹೆಚ್ಚುಕಡಿಮೆ ಏಳು ವರ್ಷಕ್ಕೊಮ್ಮೆ ಬಣ್ಣ ಬಳಿಯುತ್ತಾರೆ, ಒಂದು ಸಲಕ್ಕೆ ಸುಮಾರು 60 ಟನ್. ಸೊಂಟಕ್ಕೆ ಹಗ್ಗ ಬಿಗಿದ ಕೆಲಸಗಾರರು ಇಂದಿಗೂ ಅದನ್ನು ಕೈಯಲ್ಲಿ ಕುಂಚ ಹಿಡಿದೇ, ಒಂದೊಂದು ರಿವೆಟ್ಟಿನ ತಲೆಯ ಸುತ್ತಲೂ ಬಳಿಯುತ್ತಾರೆ.