ಸಾಂತಾಣಿಗೆ ಇನ್ನೊಂದು ಬಿಸಿಲು

ಗೆರಸೆಯನ್ನು ಒಮ್ಮೆ ಕುಲುಕಿದರೆ ಸಾಕು, ಅಜ್ಜಿಗೆ ಗೊತ್ತಾಗುತ್ತದೆ. ಚೆನ್ನಾಗಿ ಒಣಗಿದ ಸಾಂತಾಣಿಯಲ್ಲಿ ಬೀಜ ಕುಗ್ಗಿ ಬಿಳಿ ಸಿಪ್ಪೆಯಿಂದ ಬಿಟ್ಟುಕೊಂಡಿರುತ್ತದೆ. ಅಲ್ಲಾಡಿಸಿದರೆ ಒಳಗೆ ಕಟಕಟ ಎನ್ನುತ್ತದೆ. ‘ಇದರಲ್ಲಿ ಏಳೆಂಟು ಹಸಿ ಉಂಟು’ ಎನ್ನುತ್ತಾ ಅವರು ಹೆಕ್ಕಿ ಬದಿಗಿಟ್ಟರು. ಅದರಲ್ಲೊಂದನ್ನು ಸುಲಿದು ಉಗುರಿನಿಂದ ಒತ್ತಿ ನೋಡಿದೆ, ಗುರುತು ಬಿತ್ತು. ಅವಕ್ಕೆ ಇನ್ನೊಂದು ಬಿಸಿಲು ಬೇಕು.

ಹಲಸಿನ ಬೀಜವನ್ನು ಉಪ್ಪು ಹಾಕಿ ಬೇಯಿಸಿ ಒಣಗಿಸಿದರೆ ಸಾಂತಾಣಿ. ಕರಾವಳಿಯಲ್ಲಿ ಮಳೆಗಾಲ ಕಳೆದವರಿಗೆ ಇದನ್ನು ಪರಿಚಯಿಸಬೇಕಾಗಿಲ್ಲ. ಪುತ್ತೂರಿನ ಒಳಹಳ್ಳಿಯ ಈ ಮನೆಗೆ ನಾನು ಹೋದದ್ದು ಹಪ್ಪಳದ ವಿಚಾರ ಕೇಳಲು. ಆದರೆ ಎಂಬತ್ತು ದಾಟಿದ ಅಜ್ಜಿಗೆ ಹಪ್ಪಳದ ಮಾತು ಬೇಡವಾಗಿತ್ತು. ‘ಹಪ್ಪಳ ಎಲ್ಲರೂ ಮಾಡ್ತಾರೆ ಮಾರಾಯ್ರೇ, ಬೀಜ ಯಾರು ಕೇಳ್ತಾರೆ?’

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ಇದು. ಜೂನ್ ಹಿಡಿದರೆ ಹೊರಗೆ ಕಾಲಿಡುವುದೇ ಕಷ್ಟ, ತರಕಾರಿಗೆ ತತ್ವಾರ. ತುಳುವರ ಆಟಿ ತಿಂಗಳಿನಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಅಕ್ಕಿಯೂ ತಳ ಕಾಣುತ್ತಿತ್ತು ಎಂದು ಅಜ್ಜಿ ತಮ್ಮ ಬಾಲ್ಯ ನೆನೆಯುತ್ತಾರೆ. ಹಾಗಾಗಿ ಮೇ ತಿಂಗಳಲ್ಲಿ ಹಣ್ಣು ತಿಂದ ಮನೆಯಲ್ಲಿ ಒಂದು ಬೀಜವೂ ಹೊರಗೆ ಬೀಳುತ್ತಿರಲಿಲ್ಲ.

ಹಲಸಿನ ಬೀಜವನ್ನು ಭತ್ತದ ಹಾಗೆ ಸುಮ್ಮನೆ ಒಣಗಿಸಿ ತುಂಬಿಡಲು ಬರುವುದಿಲ್ಲ. ಭತ್ತ ಒಣಗಿದಷ್ಟೂ ಬಾಳುತ್ತದೆ. ಹಲಸಿನದು ನೀರು ತುಂಬಿಕೊಂಡೇ ಹೊರಬರುವ ಬೀಜ. ಒಣಗಿಸಿದರೆ ಜೀವ ಹೋಗುತ್ತದೆ, ಒದ್ದೆಯಲ್ಲಿ ಬಿಟ್ಟರೆ ಮೊಳೆಯುತ್ತದೆ, ಇಲ್ಲವೇ ಬೂಸಲು ಹಿಡಿಯುತ್ತದೆ. ಇದಕ್ಕೆ ಹಿಂದಿನವರು ಕಂಡುಕೊಂಡದ್ದು ಎರಡು ದಾರಿ.

ಒಂದು ಕೆಮ್ಮಣ್ಣು. ನೆರಳಿನಲ್ಲಿ ಮೇಲ್ಮೈ ಆರಿದ ಬೀಜವನ್ನು ಮಣ್ಣಿನಲ್ಲಿ ಹೊರಳಿಸಿ ಕೋಣೆಯ ಮೂಲೆಯಲ್ಲಿ ರಾಶಿ ಹಾಕುವುದು. ಹೊರಗಿನ ಪಸೆಯನ್ನು ಮಣ್ಣು ಎಳೆದುಕೊಳ್ಳುತ್ತದೆ, ಒಳಗಿನದನ್ನು ಕಾಯುತ್ತದೆ, ಒಂದು ಕೊಳೆತರೆ ಪಕ್ಕದ್ದಕ್ಕೆ ಹಬ್ಬಲು ಬಿಡುವುದಿಲ್ಲ. ಹರಿವೆ ದಂಟಿನ ಸಾಂಬಾರಿಗೆ, ತಜಂಕು ಸೊಪ್ಪಿನ ಪಲ್ಯಕ್ಕೆ ಬೇಕಾದಾಗ ಹತ್ತಿಪ್ಪತ್ತು ತೆಗೆದು ತೊಳೆದರಾಯಿತು.

ಇನ್ನೊಂದು ಸಾಂತಾಣಿ. ಅಜ್ಜಿಯ ಹೆಮ್ಮೆ ಇರುವುದು ಇಲ್ಲೇ. ಮೆತ್ತಗಿನ ಸೊಳೆಯ ತುಳುವ ಹಣ್ಣಿನ ಬೀಜ ಜಾರುತ್ತದೆ, ಅದಕ್ಕೆ ಅಂಟಿದ ತಿರುಳು ಹೋಗುವವರೆಗೆ ಬುಟ್ಟಿಯಲ್ಲಿ ಹಾಕಿ ಉಜ್ಜಬೇಕು; ಇಲ್ಲದಿದ್ದರೆ ಹುಳಿ ವಾಸನೆ. ಗಟ್ಟಿ ಸೊಳೆಯ ಬಕ್ಕೆಯದಾದರೆ ಆ ತಾಪತ್ರಯವಿಲ್ಲ. ಉಪ್ಪು ಎಷ್ಟು ಎಂದು ಕೇಳಿದೆ. ‘ನೀರು ಬಾಯಿಗೆ ಹಾಕಿದರೆ ಮುಖ ಹಿಂಡಬೇಕು, ಅಷ್ಟು.’ ಎಷ್ಟು ಹೊತ್ತು ಬೇಯಿಸಬೇಕೆಂಬುದಕ್ಕೆ ಉತ್ತರವೇ ಬರಲಿಲ್ಲ. ಕೈ ಬಾಗಿಲ ಕಡೆಗೆ ತೋರಿಸಿತು. ಅಂಗಳದ ಚಾಪೆಯಲ್ಲಿ ಬೆಂದ ಬೀಜ ಹರಡಿತ್ತು, ಕಾಗೆ ಓಡಿಸಲು ಕೋಲು ಪಕ್ಕದಲ್ಲೇ. ವಾರದ ಬಿಸಿಲು ಬೇಕಂತೆ. ನಡುವೆ ಮೋಡ ಕಟ್ಟಿದರೆ ಎಲ್ಲವನ್ನೂ ಒಲೆಯ ಮೇಲಿನ ಅಟ್ಟಕ್ಕೇರಿಸುತ್ತಾರೆ. ಅಲ್ಲಿ ಹಿಡಿಯುವ ಸಣ್ಣ ಹೊಗೆವಾಸನೆಯೇ ರುಚಿ ಎನ್ನುವವರೂ ಇದ್ದಾರೆ. ನಾನೂ ಆ ಪಂಗಡ.

ಒಣಗಿದ್ದು ಕಲ್ಲಿನಷ್ಟು ಗಟ್ಟಿ. ಶಾಲೆಗೆ ಹೋಗುವ ಮಕ್ಕಳು ಜೇಬಿಗೆ ತುಂಬಿಕೊಂಡು, ಕೊಡೆ ಹಿಡಿದು ನಡೆಯುವ ದಾರಿಯುದ್ದಕ್ಕೂ ಒಂದೇ ಸಾಂತಾಣಿಯನ್ನು ದವಡೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಮೊದಲು ಬರೀ ಉಪ್ಪು. ಬಹಳ ಹೊತ್ತಿನ ಮೇಲೆ ಹಿಟ್ಟಿನ ಸಿಹಿ ಬಿಡುತ್ತದೆ.

ಈಗ ಹಲಸಿಗೆ ಒಳ್ಳೆಯ ಕಾಲ ಬಂದಿದೆ, ನಿಜ. ಪುತ್ತೂರಿನಿಂದಲೇ ಹೊರಡುವ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆ ವರ್ಷಗಟ್ಟಲೆ ಇದರ ಪರವಾಗಿ ಬರೆದರು. ಕೇರಳ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ತುಮಕೂರು ಕಡೆಯ ಸಿದ್ದು ಹಲಸಿನ ಸಸಿಗೆ ಬೇಡಿಕೆ ಬಂತು. ಊರೂರಲ್ಲಿ ಹಲಸು ಮೇಳ, ಚಿಪ್ಸ್, ಐಸ್‌ಕ್ರೀಮ್. ಆದರೆ ಈ ಸಡಗರವೆಲ್ಲ ಸೊಳೆಗೆ. ಬೀಜ ಅದರ ಹಿಂದೆಯೇ ಕಸದ ಬುಟ್ಟಿ ಸೇರುತ್ತದೆ. ಯಂತ್ರಕ್ಕಿಂತ ಹೆಚ್ಚಾಗಿ ಅದಕ್ಕೆ ಅಂಗಳ ಬೇಕು, ಕಾಯುವ ಒಬ್ಬರು ಬೇಕು. ಹೊಸ ಮನೆಗಳಲ್ಲಿ ಎರಡೂ ಕಡಿಮೆ. ಅಜ್ಜಿಯ ಹಿತ್ತಲಲ್ಲಿ ಮೂರು ಮರ ಇದ್ದವು. ಎರಡು ಮಗನ ಹೊಸ ಮನೆಯ ಬಾಗಿಲು, ಕಿಟಕಿಗಳಾದವು. ವರ್ಷಕ್ಕೆ ನಾಲ್ಕು ಡಬ್ಬಿ ತುಂಬುತ್ತಿದ್ದವರು ಈಗ ಒಂದು ತುಂಬುತ್ತಾರೆ. ಅದೂ ಬೆಂಗಳೂರಿಗೆ ಹೋಗಿ, ಮುಚ್ಚಳ ತೆರೆಯದೆ ಉಳಿಯುತ್ತದೆ ಎಂಬ ಗುಮಾನಿ ಅವರಿಗೆ.

ಮುಂದಿನ ಸಲ ಹಣ್ಣು ತಂದಾಗ ಇಪ್ಪತ್ತು ಬೀಜವನ್ನಾದರೂ ತೊಳೆದು, ಉಪ್ಪಿನಲ್ಲಿ ಬೇಯಿಸಿ, ಬಾಲ್ಕನಿಯ ಬಿಸಿಲಿಗೆ ಹರಡಿ ನೋಡಿ. ಮುಂಗಾರು ಬರುವ ಮೊದಲು ಮುಗಿಸಬೇಕು. ಹಲ್ಲು ಗಟ್ಟಿ ಇಲ್ಲದವರು ಸಿಪ್ಪೆ ತೆಗೆದು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಗ್ಗೆ ಸಾಂಬಾರಿಗೆ ಹಾಕಬಹುದು. ಉಪ್ಪು ಮಾತ್ರ ಆಮೇಲೆ ನೋಡಿಕೊಂಡು ಹಾಕಿ.