ಪುಟ ಒಂದೇ, ವಿಳಾಸ ಹಲವು

ಜಿಮೇಲ್‌ನಲ್ಲಿ ಒಂದು ಪತ್ರದ ಮೇಲೆ ಕ್ಲಿಕ್ ಮಾಡಿದರೆ ಪತ್ರವೇನೋ ತೆರೆಯುತ್ತದೆ, ಆದರೆ ಪುಟ ಹೊಸದಾಗಿ ಲೋಡ್ ಆಗುವುದಿಲ್ಲ. ಎಡಬದಿಯ ಪಟ್ಟಿ, ಮೇಲಿನ ಹುಡುಕುಪೆಟ್ಟಿಗೆ ಇದ್ದಲ್ಲೇ ಇರುತ್ತವೆ, ನಡುವಿನ ಭಾಗವಷ್ಟೇ ಬದಲಾಗುತ್ತದೆ. ಕಂಪನಿ ನಾಟಕದಲ್ಲಿ ರಂಗಸ್ಥಳ ಅದೇ ಇದ್ದು, ದರ್ಬಾರಿನ ಪರದೆ ಮೇಲೇರಿ ಕಾಡಿನ ಪರದೆ ಇಳಿಯುತ್ತಿತ್ತಲ್ಲ, ಹಾಗೆ. ಇಂಥ ತಾಣಗಳಿಗೆ ಸಿಂಗಲ್ ಪೇಜ್ ಅಪ್ಲಿಕೇಶನ್ ಎಂದು ಹೆಸರು. ಸರ್ವರ್ ಒಮ್ಮೆ ಒಂದು ಖಾಲಿ ಚೌಕಟ್ಟನ್ನೂ ಜಾವಾಸ್ಕ್ರಿಪ್ಟನ್ನೂ ಕಳಿಸುತ್ತದೆ. ಆಮೇಲೆ ಕಾಂಪೊನೆಂಟ್ ಎಂಬ ಬಿಡಿಭಾಗಗಳನ್ನು ಜೋಡಿಸಿ ಪರದೆ ಕಟ್ಟುವುದೆಲ್ಲ ಬ್ರೌಸರಿನ ಕೆಲಸ.

ಯಾವ ವಿಳಾಸಕ್ಕೆ ಯಾವ ಕಾಂಪೊನೆಂಟ್ ಎಂದು ತೀರ್ಮಾನಿಸುವುದು ರೂಟರ್. ಅದರ ಕೈಯಲ್ಲೊಂದು ಕೋಷ್ಟಕ. ಗ್ರಂಥಾಲಯದ ತಾಣವಾದರೆ ‘/ಪುಸ್ತಕ’ ಎಂಬಲ್ಲಿ ಪುಸ್ತಕಗಳ ಪಟ್ಟಿ, ‘/ಪುಸ್ತಕ/:ಸಂಖ್ಯೆ’ ಎಂಬಲ್ಲಿ ಒಂದು ಪುಸ್ತಕದ ವಿವರ. ಇಲ್ಲಿ ಕೋಲನ್ ಇರುವ ಭಾಗ ಖಾಲಿ ಜಾಗ, ಅಲ್ಲಿ ಏನು ಬಂದರೂ ಹೊಂದುತ್ತದೆ. ‘/ಪುಸ್ತಕ/42’ ಬಂದರೆ ವಿವರದ ಕಾಂಪೊನೆಂಟಿಗೆ 42 ಸಿಗುತ್ತದೆ.

ತಕರಾರು ಶುರುವಾಗುವುದು ‘/ಪುಸ್ತಕ/ಹೊಸದು’ ಎಂಬಲ್ಲಿ. ಅದು ಹೊಸ ಪುಸ್ತಕ ಸೇರಿಸುವ ಪುಟವೋ, ‘ಹೊಸದು’ ಎಂಬ ಸಂಖ್ಯೆಯ ಪುಸ್ತಕವೋ? ರಿಯಾಕ್ಟ್ ರೂಟರ್ ಎಂಬ ರೂಟರಿನ ಹಳೆಯ ಆವೃತ್ತಿಗಳಲ್ಲಿ ಕೋಷ್ಟಕದಲ್ಲಿ ಮೊದಲು ಬರೆದದ್ದೇ ಗೆಲ್ಲುತ್ತಿತ್ತು. ಎರಡು ಸಾಲು ಹಿಂದುಮುಂದಾದರೆ ಪುಟವೇ ಅದಲುಬದಲು. 2021ರ 6ನೇ ಆವೃತ್ತಿಯಿಂದ ಅದು ಸಾಲುಗಳಿಗೆ ಅಂಕ ಹಾಕುತ್ತದೆ: ನೇರವಾಗಿ ಬರೆದ ಪದಕ್ಕೆ ಹೆಚ್ಚು, ಖಾಲಿ ಜಾಗಕ್ಕೆ ಕಡಿಮೆ, ಎಲ್ಲವನ್ನೂ ನುಂಗುವ ನಕ್ಷತ್ರ ಚಿಹ್ನೆಗೆ ಎಲ್ಲಕ್ಕಿಂತ ಕಡಿಮೆ. ನನ್ನ ಮಟ್ಟಿಗೆ ಇದೇ ಸರಿ.

ಅಂದಹಾಗೆ, ವಿಳಾಸ ಕನ್ನಡದಲ್ಲಿರಲು ಅಡ್ಡಿಯಿಲ್ಲ. ಕನ್ನಡ ವಿಕಿಪೀಡಿಯದ್ದು ಹಾಗೇ ಇದೆ. ಆದರೆ ಒಳಗೆ ಅದು ಬೇರೆ ವೇಷದಲ್ಲಿ ಸಂಚರಿಸುತ್ತದೆ. ಯೂನಿಕೋಡಿನಲ್ಲಿ ‘ಪುಸ್ತಕ’ ಎಂದರೆ ಉಕಾರ, ಹಲಂತ ಸೇರಿ 6 ಸಂಕೇತ. ಒಂದೊಂದಕ್ಕೆ 3 ಬೈಟ್, ಪ್ರತಿ ಬೈಟಿಗೆ ಶೇಕಡಾ ಚಿಹ್ನೆಯೊಡನೆ 3 ಅಕ್ಷರ, ಒಟ್ಟು 54! ಇದನ್ನು ಬಿಚ್ಚದೆ ನೇರ ಹೋಲಿಸುವ ರೂಟರ್‌ಗೆ ಕನ್ನಡದ ಪುಟ ಸಿಗುವುದೇ ಇಲ್ಲ.

ಇನ್ನು, ಪುಟ ಲೋಡ್ ಮಾಡದೆ ವಿಳಾಸ ಬದಲಿಸುವುದಾದರೂ ಹೇಗೆ? ಮೊದಲ ಉಪಾಯ ಹ್ಯಾಶ್ ಚಿಹ್ನೆ. ಅದರ ನಂತರದ ಭಾಗವನ್ನು ಬ್ರೌಸರ್ ಸರ್ವರ್‌ಗೆ ಕಳಿಸುವುದೇ ಇಲ್ಲ, ಹಾಗಾಗಿ ಅಲ್ಲಿ ಏನು ಬರೆದರೂ ಪುಟ ಅಲುಗುವುದಿಲ್ಲ. 2010ರಲ್ಲಿ ಹೊಸ ರೂಪ ತಳೆದ ಟ್ವಿಟರ್, ಹ್ಯಾಶ್ ಜೊತೆಗೆ ಆಶ್ಚರ್ಯಸೂಚಕ ಸೇರಿಸಿದ ವಿಳಾಸಗಳನ್ನೇ ಬಳಸಿತು. ಫಲ ಒಳ್ಳೆಯದಾಗಲಿಲ್ಲ. ಯಾರದೋ ಟ್ವೀಟ್‌ನ ಕೊಂಡಿ ಒತ್ತಿದರೂ ಸರ್ವರ್‌ಗೆ ತಲುಪುತ್ತಿದ್ದುದು ಮುಖಪುಟದ ಬೇಡಿಕೆ ಮಾತ್ರ. ಜಾವಾಸ್ಕ್ರಿಪ್ಟ್ ಇಳಿದು, ಹ್ಯಾಶ್ ನಂತರದ್ದನ್ನು ಓದಿ, ಮತ್ತೊಮ್ಮೆ ಸರ್ವರನ್ನು ಕೇಳಿದ ಮೇಲಷ್ಟೇ ಟ್ವೀಟ್ ಕಾಣಬೇಕು. 2012ರಲ್ಲಿ ಟ್ವಿಟರ್ ಇದನ್ನು ಕೈಬಿಟ್ಟು ಪುಟ ಕಟ್ಟುವ ಕೆಲಸವನ್ನು ಸರ್ವರ್‌ಗೇ ಮರಳಿಸಿತು. ಮೊದಲ ಬಾರಿ ಪುಟ ತೆರೆಯುವ ಸಮಯ ಐದನೇ ಒಂದು ಭಾಗಕ್ಕೆ ಇಳಿಯಿತೆಂದು ತಾನೇ ಹೇಳಿಕೊಂಡಿತು.

ಅಷ್ಟರಲ್ಲಿ ಬ್ರೌಸರ್‌ಗಳಿಗೆ ಹಿಸ್ಟರಿ ಎಪಿಐ ಬಂದಿತ್ತು. ಅದರ ಪುಶ್‌ಸ್ಟೇಟ್ ಆಜ್ಞೆ ಹ್ಯಾಶ್ ಇಲ್ಲದೆಯೂ ವಿಳಾಸ ಬದಲಿಸುತ್ತದೆ, ಬ್ಯಾಕ್ ಗುಂಡಿಗೆ ಬೇಕಾದ ದಾಖಲೆಯನ್ನೂ ಇಡುತ್ತದೆ. ಇಂದಿನ ರೂಟರ್‌ಗಳು ಬಹುಪಾಲು ಇದನ್ನೇ ನಂಬಿವೆ. ಆದರೆ ‘/ಪುಸ್ತಕ/42’ರಲ್ಲಿದ್ದಾಗ ರಿಫ್ರೆಶ್ ಒತ್ತಿ ನೋಡಿ. ಈ ಬಾರಿ ಪ್ರಶ್ನೆ ರೂಟರ್‌ಗಲ್ಲ, ನೇರ ಸರ್ವರ್‌ಗೆ ಹೋಗುತ್ತದೆ. ಅಲ್ಲಿ ಅಂಥ ಕಡತವೇ ಇಲ್ಲ, ಉತ್ತರ 404. ಯಾವ ವಿಳಾಸ ಕೇಳಿದರೂ ಅದೇ ಚೌಕಟ್ಟನ್ನು ಕೊಡು ಎಂದು ಸರ್ವರ್‌ಗೆ ಹೇಳಿಡುವುದು ರೂಢಿಯ ಪರಿಹಾರ. ಅದಕ್ಕೂ ಬೆಲೆಯಿದೆ: ಇಲ್ಲದ ಪುಟಕ್ಕೂ ‘ಎಲ್ಲ ಸರಿ’ ಎಂಬರ್ಥದ 200 ಉತ್ತರ ಹೋಗಿ, ಹುಡುಕುಯಂತ್ರಗಳು ಮೋಸಹೋಗುತ್ತವೆ.

ಕಣ್ಣು ಕಾಣದವರ ಪಾಡು ಇದಕ್ಕಿಂತ ಗಂಭೀರ. ಪುಟ ಲೋಡ್ ಆದಾಗ ಸ್ಕ್ರೀನ್ ರೀಡರ್ ಹೊಸ ಶೀರ್ಷಿಕೆಯನ್ನು ಓದಿ ಹೇಳುತ್ತದೆ. ಕಾಂಪೊನೆಂಟ್ ಬದಲಾದರೆ ಲೋಡ್ ಆಗುವುದೇ ಇಲ್ಲವಲ್ಲ, ಅದು ಸುಮ್ಮನಿರುತ್ತದೆ. ಕೊಂಡಿ ಒತ್ತಿದವರಿಗೆ ಏನೂ ಆಗಲಿಲ್ಲವೆಂದೇ ಅನಿಸುತ್ತದೆ. ಹೊಸ ಶೀರ್ಷಿಕೆ ಹಾಕಿ, ಫೋಕಸನ್ನು ಹೊಸ ಭಾಗದ ತಲೆಬರಹಕ್ಕೆ ಒಯ್ಯುವುದನ್ನು ಪ್ರೋಗ್ರಾಂ ಬರೆಯುವವರೇ ನೋಡಿಕೊಳ್ಳಬೇಕು. ಇಂಥ ತಾಣ ಕಟ್ಟುವ ಸಲಕರಣೆಯಾದ ಆಂಗ್ಯುಲರ್‌ನಲ್ಲಿ, 2022ರ 14ನೇ ಆವೃತ್ತಿಯಿಂದ, ರೂಟರಿನ ಕೋಷ್ಟಕದಲ್ಲೇ ಪ್ರತಿ ಪುಟದ ಶೀರ್ಷಿಕೆ ಬರೆದಿಡಬಹುದು. ಫೋಕಸ್ ಒಯ್ಯುವ ಕೆಲಸ ಮಾತ್ರ ಅಲ್ಲೂ ಪ್ರೋಗ್ರಾಮರ್‌ಗೇ ಉಳಿದಿದೆ.